ಹೊರಚಿಲಕ

ನವೆಂಬರ್ ೪, ಸೋಮವಾರ

ಹೊನ್ನಾವರದ ಹತ್ತಿರದ ಕಾಸರಕೋಡಿಗೆ ಬಂದು ಇಳಿಯುವಾಗ ಹನ್ನೊಂದಾಗಿತ್ತು. ಟೆಂಪೋದವನು ಟ್ರಂಕು, ಚಾಪೆ, ಗ್ಯಾಸ್ ಸಿಲಿಂಡರ್ ಎಲ್ಲ ಇಳಿಸಿ, ಸರ್ಕಸ್ಸಿನವರನ್ನು ನೋಡಿದ ಹಾಗೆ ನಮ್ಮನ್ನು ನೋಡಿ ಹೋದ. ನೋಡಿಕೊಳ್ಳಲಿ. ಇನ್ನು ಮೇಲೆ ಊರೇ ನೋಡುತ್ತದೆ, ಅದಕ್ಕೇ ತಾನೆ ಬಂದದ್ದು.

ಕುಮಟೆಯ ನಿಲಯದಲ್ಲಿ ಹತ್ತೊಂಬತ್ತು ವರ್ಷ ಬುದ್ಧಿ ಬೆಳೆಯದ ಹೆಂಗಸರನ್ನು ನೋಡಿಕೊಂಡೆ. ಕಬ್ಬಿಣದ ಗೇಟು, ಏಳಲು ಒಂದು ಗಂಟೆ, ಉಣ್ಣಲು ಒಂದು ಗಂಟೆ, ಪ್ರತಿ ಕೋಣೆಗೂ ಹೊರಗಿನಿಂದ ಚಿಲಕ. ಈಗ ಅದನ್ನು ಮುಚ್ಚುತ್ತಿದ್ದಾರೆ. ಇಂಥವರು ಊರಿನ ನಡುವೆ, ಸಣ್ಣ ಮನೆಗಳಲ್ಲಿ, ನೆರೆಹೊರೆಯವರ ಜೊತೆ ಎಲ್ಲರ ಹಾಗೆ ಬದುಕಬೇಕು ಎನ್ನುವುದು ಹೊಸ ಏರ್ಪಾಡು. ಮೊದಲ ಮನೆ ನಮ್ಮದು. ಬೆಳ್ಳಿ, ಗಂಗೆ, ಸೀತೆ, ಅವರನ್ನು ನೋಡಿಕೊಳ್ಳಲು ನಾನು. ಆರು ತಿಂಗಳ ಪರೀಕ್ಷೆ. ಸರಿಹೋದರೆ ಉಳಿದವರಿಗೂ ಇಂಥದೇ ಮನೆಗಳು. ಇಲ್ಲವಾದರೆ ಇವರನ್ನೂ ಸೇರಿಸಿ ಎಲ್ಲರನ್ನೂ ಘಟ್ಟದ ಮೇಲಿನ ದೊಡ್ಡ ನಿಲಯಕ್ಕೆ ಸಾಗಿಸುತ್ತಾರೆ. ಅದನ್ನು ನಾನು ಒಮ್ಮೆ ನೋಡಿದ್ದೇನೆ. ನಾಯಿಯನ್ನೂ ಅಲ್ಲಿಗೆ ಕಳಿಸಬಾರದು.

ಬೆಳಿಗ್ಗೆ ಹೊರಡುವಾಗ ಸಂಸ್ಥೆಯ ದಿನಕರ ಸರ್ ಹೇಳಿದರು, "ಮಹಾಲಕ್ಷ್ಮಿಯವರೇ, ಅದು ಮನೆ. ನಿಲಯ ಅಲ್ಲ. ಅದೊಂದು ನೆನಪಿಟ್ಕೊಳ್ಳಿ ಸಾಕು." ನನಗೆ ಹೇಳುತ್ತಾರೆ! ಆ ಗೇಟನ್ನು ಅವರಿಗಿಂತ ಹೆಚ್ಚು ದ್ವೇಷಿಸಿದವಳು ನಾನು.

ಬಂದ ತಕ್ಷಣ ಮಾಡಿದ ಕೆಲಸ ಒಂದೇ. ಮುಂಬಾಗಿಲಿನ ಹೊರಗಡೆ ಉದ್ದದ ಚಿಲಕ ಇತ್ತು. ಪಕ್ಕದ ಮನೆಯಿಂದ ಸ್ಕ್ರೂಡ್ರೈವರ್ ತಂದು ಕಿತ್ತೆ. ಪಕ್ಕದ ಮನೆಯ ನಾಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಮೀನು ಒಣಗಿಸುವವಳು, ಗಂಡ ದೋಣಿಗೆ ಹೋಗುತ್ತಾನಂತೆ.

"ಎಂತ ಅಕ್ಕೋರೆ, ಇದ್ದ ಚಿಲಕ ಕೀಳೂದು ಎಂತಕೆ?"

"ಇವರು ಸಾಕಷ್ಟು ಚಿಲಕ ನೋಡಿದ್ದಾರೆ ಮಾರಾಯ್ತಿ."

"ಆತು, ಒಳ್ಳೇದಾತು. ನಮ್ಮ ಕೇರಿಯಲ್ಲೂ ದೋಣಿ ಕಡಲಿಗೆ ಹೋದ್ರೆ ತಿರುಗಿ ಬರೂ ತನ್ಕ ಬಾಗ್ಲಿಗೆ ಚಿಲಕ ಹಾಕೂದಿಲ್ಲ. ಹೊರಗೆ ಹೋದವ್ರಿಗೆ ಬಾಗ್ಲು ತೆರ್ದಿರ್ಬೇಕು."

ಚಿಲಕವನ್ನು ಕಾಗದದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ. ಎಸೆಯುವಂತಿಲ್ಲ, ಮನೆಯ ಯಜಮಾನ ದೇವರಾಜನ ಸೊತ್ತು.

ನವೆಂಬರ್ ೭, ಗುರುವಾರ

ಹುಡುಗಿಯರು ಈಗಲೂ ನಸುಕಿಗೇ ಎದ್ದು ತಟ್ಟೆ ಹಿಡಿದುಕೊಂಡು ಗೋಡೆಗೆ ಸಾಲಾಗಿ ಕೂರುತ್ತಾರೆ. ಚಹ ಆಗಲು ಇನ್ನೂ ಒಂದು ಗಂಟೆ ಇರುತ್ತದೆ. ಮಲಗಿ ಎಂದರೆ ಕೂತಲ್ಲೇ ಕಣ್ಣು ಮುಚ್ಚುತ್ತಾರೆ.

ಹುಡುಗಿಯರು ಎಂದು ಬರೆದೆ. ಬೆಳ್ಳಿಗೆ ನಲವತ್ತು ಹತ್ತಿರ, ಗಂಗೆಗೆ ಅದಕ್ಕೂ ಹೆಚ್ಚು, ಸೀತೆಯ ತಲೆ ಅರ್ಧ ಬೆಳ್ಳಗಾಗಿದೆ. ನಿಲಯದಲ್ಲಿ ಎಲ್ಲರೂ ಹುಡುಗಿಯರೇ. ಗಂಗೆ ಮಾತಾಡುವುದಿಲ್ಲ, ಬರೀ ನಗು. ಸೀತೆಗೆ ಫಿಟ್ಸ್ ಬರುತ್ತದೆ, ಮಾತ್ರೆ ತಪ್ಪಿಸುವಂತಿಲ್ಲ. ಬೆಳ್ಳಿಗೆ ಅಷ್ಟಿಷ್ಟು ಮಾತು ಬರುತ್ತದೆ, ಆದರೆ ದಿನವಿಡೀ ಆಡುವುದು ಒಂದೇ ಮಾತು. "ಹೋಗ್ಲಾ?"

ಬಚ್ಚಲಿಗೆ ಹೋಗ್ಲಾ, ಜಗಲಿಗೆ ಹೋಗ್ಲಾ, ಅಡುಗೆಮನೆಗೆ ಹೋಗ್ಲಾ. ಬಾಗಿಲು ಹಾರುಹೊಡೆದಿದ್ದರೂ ಹೊಸ್ತಿಲ ಈಚೆ ನಿಂತು ನನ್ನ ಮುಖ ನೋಡುತ್ತಾಳೆ. ಕಾಯ್ಕಿಣಿಯ ಅವಳ ಮನೆಯವರು ಒಂಬತ್ತು ವರ್ಷದವಳಿದ್ದಾಗ ತಂದು ಬಿಟ್ಟು ಹೋದದ್ದು. ಅಂದಿನಿಂದ ಯಾರೋ 'ಹೋಗು' ಎನ್ನದೆ ಅವಳು ಒಂದು ಹೊಸ್ತಿಲು ದಾಟಿದವಳಲ್ಲ. "ನಿನ್ನ ಮನೆ ಕಣೇ ಇದು, ಕೇಳೂದು ಎಂತಕೆ?" ಎಂದು ಗದರಿದೆ. ತಲೆಯಾಡಿಸಿದಳು. ಆಮೇಲೆ, "ಹೋಗ್ಲಾ?"

ಸಿಟ್ಟು ಬಂತು. ಅವಳ ಮೇಲಲ್ಲ, ಆ ಗೇಟಿನ ಮೇಲೆ. ಅದರ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದವಳು ನಾನೇ, ಗೊತ್ತು. ಅದು ನೌಕರಿ. ಇದು ಬೇರೆ. ಈ ಆರು ತಿಂಗಳಲ್ಲಿ ಬೆಳ್ಳಿ ಯಾರನ್ನೂ ಕೇಳದೆ ಒಂದು ಸಲ ಆ ಬಾಗಿಲು ದಾಟಿದರೆ ನನಗೆ ಅಷ್ಟೇ ಸಾಕು.

ನವೆಂಬರ್ ೧೫, ಶುಕ್ರವಾರ

ಇವತ್ತು ನಾಗಿ ಬಂದು, "ಅಕ್ಕೋರೆ, ನಿಮ್ಮ ಈ ತಂಗಿ ಸುಮ್ಮನೆ ಕೂತಿರ್ತಾಳಲ್ಲ, ಕಾಗೆ ಓಡ್ಸೂಕೆ ಕಳಿಸಿ" ಎಂದಳು. ಬೆಳ್ಳಿ ನನ್ನ ಮುಖ ನೋಡುವ ಮೊದಲೇ ಹೋಗು ಎಂದುಬಿಟ್ಟೆ.

ಮಧ್ಯಾಹ್ನ ಹೋಗಿ ನೋಡಿದೆ. ಮರಳಿನ ಮೇಲೆ ಹಳೆಯ ಬಲೆ ಹಾಸಿ ತಾರ್ಲೆ ಮೀನು ಹರವಿದ್ದರು. ಕಣ್ಣು ಕುಕ್ಕುವ ಬಿಸಿಲು, ಮೂಗು ಮುಚ್ಚುವ ವಾಸನೆ. ಬೆಳ್ಳಿ ಕೋಲು ಹಿಡಿದು ಕಾಗೆಗಳ ಹಿಂದೆ ಓಡುತ್ತಿದ್ದಳು. ಅವಳು ಓಡಿದ್ದನ್ನು ನಾನು ಇದುವರೆಗೆ ನೋಡಿಯೇ ಇರಲಿಲ್ಲ. ಓಡಲು ನಿಲಯದಲ್ಲಿ ಜಾಗ ಎಲ್ಲಿತ್ತು. ಓಡುವಾಗ ಎರಡೂ ಕೈ ಮೇಲಕ್ಕೆತ್ತಿಕೊಳ್ಳುತ್ತಾಳೆ.

ನವೆಂಬರ್ ೨೧, ಗುರುವಾರ

ದೊಡ್ಡ ರಾದ್ಧಾಂತ. ನಾಗಿಯ ಒಣಮೀನಿನ ಎರಡು ಬುಟ್ಟಿಯನ್ನು ಬೆಳ್ಳಿ ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ, ಸೋಪಿನ ಪುಡಿ ಹಾಕಿ, ಒಂದೊಂದೇ ಮೀನನ್ನು ತಿಕ್ಕಿ ತೊಳೆದಿದ್ದಾಳೆ. ಉಪ್ಪು ಹಾಕಿ ನಾಲ್ಕು ದಿನ ಒಣಗಿಸಿದ ಬಂಗಡೆ! ತೊಳೆದು ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದಳು. ನಿಲಯದಲ್ಲಿ ತಟ್ಟೆ ತೊಳೆಯುವ ಪಾಳಿ ಅವಳದೇ. ಕೊಳೆ ಕಂಡರೆ ತೊಳೆಯಬೇಕು, ತೊಳೆದರೆ ಯಾರೂ ಬಯ್ಯುವುದಿಲ್ಲ, ಅವಳಿಗೆ ಗೊತ್ತಿರುವುದು ಅಷ್ಟೆ.

ನಾಗಿ ಕೇರಿಗೆಲ್ಲ ಕೇಳುವ ಹಾಗೆ ಕೂಗಾಡಿದಳು. "ಅಯ್ಯಯ್ಯೋ, ನನ್ನ ಮೀನಿಗೆ ಸ್ನಾನ ಮಾಡ್ಸಿ ಇಟ್ಟಿದ್ದಾಳಲ್ಲೇ!" ಬೆಳ್ಳಿ ಗೋಡೆಯ ಕಡೆ ತಿರುಗಿ ನಿಂತಳು. ನಾಗಿಗೆ ಅದನ್ನು ನೋಡಿ ಏನನ್ನಿಸಿತೋ, ಬಯ್ಯುತ್ತಿದ್ದವಳು ನಡುವೆಯೇ ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಒಣಗಿದ್ದು ತೊಳೆಯೂದಲ್ಲ, ತಿಳೀತಾ? ನಾಳೆ ಬಾ, ಉಪ್ಪು ಹಾಕೂದು ತೋರಿಸ್ತೆ."

ನಾನು ಹತ್ತು ಸಲ ಕ್ಷಮೆ ಕೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೊರಗೆ ಹೋಗುವಾಗ ನನಗೊಂದು ಮಾತು ಹೇಳಿ ಹೋಗಬೇಕೆಂದು ಮೂವರಿಗೂ ಹೇಳಿದೆ. ಯಾವ ಮನೆಯಲ್ಲಾದರೂ ಅಷ್ಟು ಇರುತ್ತದೆ.

ನವೆಂಬರ್ ೨೯, ಶುಕ್ರವಾರ

ಹೋದಳು! ಕೇಳದೆ ಹೋದಳು!

ನಾನು ಅಕ್ಕಿ ತೊಳೆಯುತ್ತಿದ್ದೆ. ಹೊರಗೆ ಕಾಗೆ ಕೂಗಿತು. ಬೆಳ್ಳಿ ತಟ್ಟೆ ಕೆಳಗಿಟ್ಟು, ಎದ್ದು, ಹೊಸ್ತಿಲು ದಾಟಿ, ಕೋಲು ತೆಗೆದುಕೊಂಡು ಹೋಗಿಯೇಬಿಟ್ಟಳು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಅಕ್ಕಿಯ ನೀರಿನಲ್ಲಿ ಕೈ ಹಾಗೇ ಬಿಟ್ಟುಕೊಂಡು ನಿಂತೆ. ಹೇಳಿ ಹೋಗು ಎಂದದ್ದನ್ನು ಮರೆತಳಲ್ಲ ಎಂದು ಒಂದು ಕ್ಷಣ ಚುಚ್ಚಿತು, ಸುಳ್ಳು ಯಾಕೆ. ಆದರೆ ಖುಷಿಯೇ ದೊಡ್ಡದು.

ಸಂಜೆ ನೈಟಿಯ ಮಡಿಲಲ್ಲಿ ಒಂದು ಬೊಗಸೆ ಮೀನು ತಂದಳು. ಅಲ್ಲಿ ಕೆಲಸಕ್ಕೆ ಕೂತವರಿಗೆಲ್ಲ ದಿನದ ಕೊನೆಗೆ ಪಾಲು ಹಂಚುತ್ತಾರೆ, ಬೆಳ್ಳಿಗೂ ಕೊಟ್ಟಿದ್ದಾರೆ. ಯಾರೋ ಪಾಪ ಎಂದು ಕೊಟ್ಟ ಭಿಕ್ಷೆಯಲ್ಲ ಅದು, ಪಾಲು. ತಲೆಯಲ್ಲಿ ಅಬ್ಬಲಿಗೆ ಹೂವಿನ ದಂಡೆ. ನಾಗಿ ಎಣ್ಣೆ ಹಚ್ಚಿ, ಜಡೆ ಹಾಕಿ ಮುಡಿಸಿದ್ದಾಳೆ. ಗಂಗೆ ಆ ಹೂ ಮುಟ್ಟಿ ಮುಟ್ಟಿ ನಕ್ಕಳು. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಯಾರೂ ಬಿಡಲಿಲ್ಲ.

ಡಿಸೆಂಬರ್ ೪, ಬುಧವಾರ

ಒದ್ದೆ ಸೀರೆ ಹಿಂಡಿ ಹಾಕಿ ಬರೆಯಲು ಕೂತಿದ್ದೇನೆ.

ಮಧ್ಯಾಹ್ನದ ಮೇಲೆ ಕಡಲಿನ ಕಡೆ ಮೋಡ ಕಟ್ಟಿತು. ಡಿಸೆಂಬರಿನಲ್ಲಿ ಮಳೆ ಎಂದರೆ ಯಾರು ನಂಬುತ್ತಾರೆ. ಬೆಳ್ಳಿಯನ್ನು ಕರೆತರಲು ಹೋದೆ. ಮೀನು ಹರವುವ ಜಾಗ ಖಾಲಿ. ನಾಗಿಯೂ ಇಲ್ಲ, ಮೀನೂ ಇಲ್ಲ. ಮರಳಿನ ಮೇಲೆ ಬೆಳ್ಳಿಯ ಒಂದು ಚಪ್ಪಲಿ ಬಿದ್ದಿತ್ತು. ಮಳೆ ಬಡಿಯತೊಡಗಿತು. ನದಿ ಕಡಲು ಸೇರುವ ಅಳಿವೆಯ ಬಾಯಿಯ ತನಕ ಓಡಿದೆ, ಕಲ್ಲಿನ ತಡೆಗೋಡೆಯ ಮೇಲೆ ಹತ್ತಿ ನೋಡಿದೆ, ಬೆಳ್ಳೀ ಬೆಳ್ಳೀ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಕೆಳಗೆ ಕೆಂಪು ನೀರು ಸುತ್ತುತ್ತಿತ್ತು. ಹೋದಳು ಎಂದೇ ಅಂದುಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈಕೆಳಗೆ ಒಬ್ಬರೂ ಕಳೆದುಹೋದದ್ದಿಲ್ಲ.

ಕತ್ತಲಾಗುವ ಹೊತ್ತಿಗೆ ಸಿಕ್ಕಿದಳು. ಕಡಲ ದಂಡೆಯ ಆ ತುದಿಯಲ್ಲಿ ದೊಡ್ಡ ತಾಡಪಾಲಿನ ಕೆಳಗೆ, ಮೀನಿನ ಬುಟ್ಟಿಗಳ ನಡುವೆ, ಹತ್ತಾರು ಹೆಂಗಸರ ಜೊತೆ ಕೂತು ಚಹ ಕುಡಿಯುತ್ತಿದ್ದಾಳೆ. ಮೋಡ ಬಂದರೆ ಇಲ್ಲಿ ಯಾರ ಮೀನು ಎಂದು ನೋಡುವಂತಿಲ್ಲವಂತೆ. ಕೇರಿಯ ಹೆಂಗಸರೆಲ್ಲ ಎಲ್ಲರ ಮೀನನ್ನೂ ಬಾಚಿ ತಾಡಪಾಲಿನಡಿ ಸೇರಿಸಬೇಕು, ಕೊನೆಯ ಬುಟ್ಟಿ ಸೇರುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ನನಗೆ ಯಾರು ಹೇಳಿದ್ದರು ಇದನ್ನೆಲ್ಲ?

ಬೆಳ್ಳಿ ನನ್ನನ್ನು ಕಂಡು ಬನ್ನು ಹಿಡಿದ ಕೈಯನ್ನು ಮೇಲೆತ್ತಿದಳು. "ಅಕ್ಕಾ, ಎಲ್ಲಾ ಮೀನು ಒಳಗೆ ಹಾಕ್ದೆ!" ಎಂದಳು.

ಕೆನ್ನೆಗೆ ಹೊಡೆದೆ. ಬನ್ನು ಮರಳಿಗೆ ಬಿತ್ತು. ನಾಗಿ ಅಡ್ಡ ಬಂದು, "ಹೊಡೀಬೇಡಿ ಅಕ್ಕೋರೆ, ಇವತ್ತು ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತದ್ದು ಇವ್ಳೇ" ಎಂದಳು.

ಹೆದರಿದವಳ ಕೈ ಅದು, ಸಿಟ್ಟಿನದಲ್ಲ. ಹೆತ್ತ ತಾಯಿಯಾದರೂ ಹೊಡೆಯುತ್ತಿದ್ದಳು. ಅಷ್ಟು ಉದ್ದದ ಮಾತನ್ನು ಬೆಳ್ಳಿಯ ಬಾಯಿಂದ ನಾನು ಹಿಂದೆಂದೂ ಕೇಳಿರಲಿಲ್ಲ ಎನ್ನುವುದು ಈಗ ಬರೆಯುವಾಗ ಹೊಳೆಯಿತು.

ಡಿಸೆಂಬರ್ ೫, ಗುರುವಾರ

ಯಾರೋ ದಿನಕರ ಸರ್‌ಗೆ ಸುದ್ದಿ ಮುಟ್ಟಿಸಿದ್ದಾರೆ. ಫೋನು ಬಂತು. ಬಯ್ಯಲಿಲ್ಲ. "ಹೊರಗೆ ಹೋಗ್ಲಿ ಮಹಾಲಕ್ಷ್ಮಿಯವರೇ, ಅದಕ್ಕೇ ಮನೆ ಮಾಡಿದ್ದು. ಆದ್ರೆ ಒಂದೇ ಒಂದು ಅನಾಹುತ ಆಯ್ತೋ, ಮೂವರೂ ಘಟ್ಟದ ಮೇಲೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ. ಅಲ್ಲಿ ಇರೋದು ನೀವೊಬ್ರೇ, ನೋಡ್ಕೊಳ್ಳಿ."

ಹೊರಗೂ ಹೋಗಬೇಕು, ಏನೂ ಆಗಲೂಬಾರದು. ಹೇಳಲು ಎಷ್ಟು ಸುಲಭ. ಕಡಲು ಅವರ ಮನೆಯ ಹಿಂದೆ ಇಲ್ಲವಲ್ಲ.

ಡಿಸೆಂಬರ್ ೭, ಶನಿವಾರ

ಟ್ರಂಕಿನಿಂದ ಚಿಲಕ ತೆಗೆದು ಮತ್ತೆ ಕೂರಿಸಿದೆ. ಹಳೆಯ ತೂತಿಗೇ ಸ್ಕ್ರೂ ಸರಿಯಾಗಿ ಕೂತಿತು. ನಾನು ಪೇಟೆಗೆ ಹೋಗಿ ಬರುವ ಹೊತ್ತಿಗೆ ಮಾತ್ರ. ಅಷ್ಟೇ.

ಡಿಸೆಂಬರ್ ೧೮, ಬುಧವಾರ

ಸಂಜೆಯ ಹೊತ್ತಿಗೂ ಹಾಕುತ್ತಿದ್ದೇನೆ. ದೀಪ ಹಚ್ಚುವ ಹೊತ್ತಿಗೆ ಬೆಳ್ಳಿಗೆ ದಂಡೆಯ ನೆನಪಾಗುತ್ತದೆ. ನಾನು ಹಿತ್ತಲಿಗೆ ಹೋದರೆ ಸಾಕು, ಜಗಲಿಗೆ ಬಂದು ನಿಂತಿರುತ್ತಾಳೆ. ಬೆಳಿಗ್ಗೆ ನಾಗಿಯ ಜೊತೆ ಎರಡು ತಾಸು ಹೋಗುವುದು ಇದ್ದೇ ಇದೆ. ನಾನು ಬೇಡ ಎಂದಿಲ್ಲ.

ಊಟಕ್ಕೆ ಕರೆಯಲು ತಟ್ಟೆಗೆ ಸೌಟಿನಿಂದ ಬಡಿಯುತ್ತೇನೆ. ಕೂಗಿ ಕೂಗಿ ಗಂಟಲು ನೋಯುತ್ತದೆ. ಬಡಿದರೆ ಮೂವರೂ ತಕ್ಷಣ ಬಂದು ಕೂರುತ್ತಾರೆ. ಗಂಗೆ ಸಹ.

ಜನವರಿ ೧೯, ಭಾನುವಾರ

ಬೆಳಿಗ್ಗೆ ತಿಂಡಿಗೆ ಕೂತಲ್ಲೇ ಸೀತೆ ಬಿದ್ದಳು. ಫಿಟ್ಸ್ ನಿಲ್ಲಲೇ ಇಲ್ಲ, ತುಟಿ ನೀಲಿಯಾಯಿತು. ನಾಗಿ ಆಟೋ ಕರೆದುಕೊಂಡು ಓಡಿಬಂದಳು. "ನೀವು ಹೊನ್ನಾವರಕ್ಕೆ ಹೋಗಿ ಅಕ್ಕೋರೆ, ಇವ್ರಿಬ್ರನ್ನ ನಾ ನೋಡ್ಕಳ್ತೆ" ಎಂದಳು.

ಬೆಳ್ಳಿ, ಗಂಗೆಯರನ್ನು ಹೊರಗಿನವರ ಕೈಗೆ ಕೊಟ್ಟು ಹೋದೆ ಎಂದು ನಾಳೆ ಯಾರಾದರೂ ಸಂಸ್ಥೆಗೆ ಬರೆದರೆ? ನಾಗಿ ಒಳ್ಳೆಯವಳೇ. ಆದರೆ ಏನಾದರೂ ಆದರೆ ಉತ್ತರ ಕೊಡಬೇಕಾದವಳು ನಾನು. ಚಿಲಕ ಹಾಕಿ, ಬೀಗ ಜಡಿದು, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಆಟೋ ಹತ್ತಿದೆ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಸೀತೆ ಮಲಗಿದಳು. ಅವಳನ್ನು ಎರಡು ದಿನ ಅಲ್ಲೇ ಇಟ್ಟುಕೊಳ್ಳುತ್ತಾರೆ. ನಾನು ತಿರುಗಿ ಬರುವಾಗ ಹೊತ್ತು ಮುಳುಗುತ್ತಿತ್ತು.

ನಾಗಿ ನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಕಿಟಕಿಯ ಸರಳಿನ ನಡುವಿಂದ ಬೆಳ್ಳಿಯ ಕೈ ಹೊರಗೆ ಬಂದು ನಾಗಿಯ ಸೆರಗನ್ನು ಹಿಡಿದುಕೊಂಡಿತ್ತು. ಬೆಳಗಿನಿಂದ ಬಿಟ್ಟಿಲ್ಲವಂತೆ. ನಾಗಿ ಮೀನು ಹರವಲು ಹೋಗಿಲ್ಲ, ಉಣ್ಣಲೂ ಹೋಗಿಲ್ಲ. ಸರಳಿನೊಳಗಿಂದ ಬಾಳೆಹಣ್ಣು ಕೊಟ್ಟಿದ್ದಾಳೆ, ನೀರನ್ನು ಲೋಟ ಓರೆ ಮಾಡಿ ಕುಡಿಸಿದ್ದಾಳೆ. ಬಾಗಿಲು ತೆಗೆದರೆ ವಾಸನೆ ಮುಖಕ್ಕೆ ಬಡಿಯಿತು. ಪಾಯಖಾನೆ ಹಿತ್ತಲಲ್ಲಿದೆ, ಆ ಬಾಗಿಲಿಗೂ ಬೀಗ ಹಾಕಿದ್ದೆ. ಗಂಗೆ ಮೂಲೆಯಲ್ಲಿ ಒದ್ದೆಯಲ್ಲಿ ಕೂತಿದ್ದಳು. ಮಾತೇ ಇಲ್ಲದವಳ ಗಂಟಲು ಕೂಗಿ ಕೂಗಿ ಕಟ್ಟಿಹೋಗಿತ್ತು.

ನಾಗಿ ದನಿ ಏರಿಸಲಿಲ್ಲ. "ಬೆಂಕಿ ಬಿದ್ದಿದ್ರೆ ನಾ ಎಂತ ಮಾಡೂದಾಗಿತ್ತು ಅಕ್ಕೋರೆ? ಹೊರಗೆ ನಿಂತು ನೋಡೂದಾ?" ಎಂದಳು. ನಾನು ಗಂಗೆಯನ್ನು ಎಬ್ಬಿಸಿ ನಿಲ್ಲಿಸಿದೆ. "ನನ್ನ ಗಂಡನ ದೋಣಿ ಕಡಲಲ್ಲಿ ಅದೆ. ಒಳಗೆ ಜೀವ ಇಟ್ಟು ಹೊರಗಿಂದ ಮುಚ್ಚಿದ ಬಾಗ್ಲು, ನೋಡೂಕೆ ಆಗೂದಿಲ್ಲ ನಂಗೆ." ಸೆರಗು ಬಿಡಿಸಿಕೊಂಡು ಹೋದಳು.

ಜವಾಬ್ದಾರಿ ಎಂದರೆ ಏನೆಂದು ಅವಳಿಗೇನು ಗೊತ್ತು. ನೆಲ ತೊಳೆದು, ಇಬ್ಬರಿಗೂ ಸ್ನಾನ ಮಾಡಿಸಿ, ಬಟ್ಟೆ ಒಗೆಯುವಾಗ ಅಳು ಬಂತು. ದಣಿವಿರಬೇಕು.

ಜನವರಿ ೨೨, ಬುಧವಾರ

ಸೀತೆ ಮನೆಗೆ ಬಂದಳು. ಒಳಗಿನ ಕೋಣೆಯಲ್ಲಿ ಮುಚ್ಚಳವಿರುವ ಒಂದು ಬಕೆಟ್ ಇಟ್ಟಿದ್ದೇನೆ. ಇನ್ನು ಅಂಥ ತೊಂದರೆಯಿಲ್ಲ.

ಫೆಬ್ರವರಿ ೧೧, ಮಂಗಳವಾರ

ಬೆಳ್ಳಿಯ ತಲೆಯಲ್ಲಿ ಹೇನು. ದಂಡೆಯಿಂದ ಬಂದದ್ದೇ ಇರಬೇಕು. ಗಂಗೆಗೂ ಹತ್ತಿದೆ. ಮೂವರ ತಲೆಯನ್ನೂ ಸಣ್ಣಗೆ ಕತ್ತರಿಸಿದೆ. ಎಣ್ಣೆಯ ಖರ್ಚಿಲ್ಲ, ಬಾಚುವ ಕೆಲಸವಿಲ್ಲ, ಬೇಸಗೆಗೆ ತಂಪು. ಮೂವರೂ ಈಗ ನಿಲಯಕ್ಕೆ ಹೊಸದಾಗಿ ಸೇರಿಸಿ ತಲೆ ಕತ್ತರಿಸಿದವರ ಹಾಗೆ ಕಾಣುತ್ತಾರೆ.

ಬೆಳ್ಳಿ ಅಳಲಿಲ್ಲ. ಒಣಗಿದ ಅಬ್ಬಲಿಗೆ ಹೂವಿನ ದಂಡೆಯೊಂದು ಅವಳ ಹತ್ತಿರ ಇತ್ತು, ಎಲ್ಲಿ ಬಚ್ಚಿಟ್ಟಿದ್ದಳೋ. ಅದನ್ನು ತಂದು ತಲೆಗೆ ಒತ್ತಿದಳು. ನಿಲ್ಲಲಿಲ್ಲ, ಬಿತ್ತು. ಮತ್ತೆ ಒತ್ತಿದಳು. ನನಗೆ ನೋಡಲಾಗದೆ ಕೂದಲು ಗುಡಿಸುವಾಗ ಅದನ್ನೂ ಗುಡಿಸಿಬಿಟ್ಟೆ.

ಹೇನು ಹೋಗುವ ತನಕ ದಂಡೆಗೆ ಹೋಗುವುದು ಬೇಡ ಎಂದಿದ್ದೇನೆ.

ಮಾರ್ಚ್ ೯, ಭಾನುವಾರ

ನಾಗಿ ಈಗ ಮಾತಾಡುವುದಿಲ್ಲ. ಆದರೆ ದಿನಾ ಸಂಜೆ ಒಂದು ಬೊಗಸೆ ಮೀನನ್ನು ಎಲೆಯಲ್ಲಿ ಸುತ್ತಿ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಾಳೆ. ಬೆಳ್ಳಿಯ ಪಾಲಂತೆ. ಕೆಲಸವೇ ಮಾಡದವಳಿಗೆ ಯಾವ ಪಾಲು? ಬಾಗಿಲು ಹಾಕಿರುವ ಹೊತ್ತಿನಲ್ಲಿ ಇಡುವುದರಿಂದ ಕಾಗೆಗಳು ಎಳೆದಾಡಿ ಜಗಲಿಯೆಲ್ಲ ಗಲೀಜು. ಬೆಳ್ಳಿ ಒಳಗಿನಿಂದ ಕಿಟಕಿ ತಟ್ಟುತ್ತಾಳೆ, ಕಾಗೆಗಳು ಹೆದರುವುದಿಲ್ಲ.

ಮಾರ್ಚ್ ೧೬, ಭಾನುವಾರ

ಮೀನು ಇಡುವುದು ಬೇಡ ಎಂದು ನಾಗಿಗೆ ಹೇಳಿದೆ. "ಆತು" ಎಂದಳು, ಅಷ್ಟೇ.

ಏಪ್ರಿಲ್ ೯, ಬುಧವಾರ

ಎಷ್ಟು ದಿನದ ಮೇಲೆ ಬರೆಯುತ್ತಿದ್ದೇನೆ. ಬರೆಯಲು ಏನೂ ಇರಲಿಲ್ಲ, ಅದು ಒಳ್ಳೆಯ ಲಕ್ಷಣ. ಮನೆ ಗಡಿಯಾರದ ಹಾಗೆ ನಡೆಯುತ್ತಿದೆ. ಸೀತೆಯ ಮಾತ್ರೆ ಒಂದು ಹೊತ್ತೂ ತಪ್ಪಿಲ್ಲ. ಪೇಟೆಯಲ್ಲಿ ಒಂದೇ ಥಾನಿನ ಬಟ್ಟೆ ತಂದು ಮೂವರಿಗೂ ನೈಟಿ ಹೊಲಿಸಿದೆ. ನೀಲಿ, ಕೊಳೆ ಕಾಣುವುದಿಲ್ಲ.

ಬೆಳ್ಳಿ ಸ್ವಲ್ಪ ದಪ್ಪಗಾಗಿದ್ದಾಳೆ. ಮೊದಲಿನ ಚಡಪಡಿಕೆ ಇಲ್ಲ. ದಿನವಿಡೀ ತಟ್ಟೆ ತೊಳೆಯುತ್ತಾಳೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಾಳೆ. ಈಗ "ಹೋಗ್ಲಾ?" ಎಂದು ಕೇಳುವುದು ಪೂರ್ತಿ ನಿಂತಿದೆ. ಒಂದು ಸಲವೂ ಕೇಳುವುದಿಲ್ಲ. ಮೊದಲ ವಾರ ನಾನು ಬಯಸಿದ್ದು ಇದನ್ನೇ ಅಲ್ಲವೇ?

ಮೇ ೬, ಮಂಗಳವಾರ

ಪರೀಕ್ಷೆ ಮುಗಿಯಿತು. ದಿನಕರ ಸರ್ ಜೊತೆ ಇಬ್ಬರು ಮೇಲಿನವರು ಬಂದಿದ್ದರು. ಬೆಳಿಗ್ಗೆಯೇ ನೆಲ ಒರೆಸಿ, ಮೂವರಿಗೂ ಸ್ನಾನ ಮಾಡಿಸಿ ಗೋಡೆಗೆ ಸಾಲಾಗಿ ಕೂರಿಸಿದ್ದೆ. ನಮಸ್ಕಾರ ಮಾಡಿ ಎಂದ ತಕ್ಷಣ ಮೂರು ಜೊತೆ ಕೈ ಒಟ್ಟಿಗೆ ಮೇಲೆದ್ದವು. ಬಂದವರಲ್ಲಿ ಒಬ್ಬ ಹೆಂಗಸು, "ಎಷ್ಟು ಅಚ್ಚುಕಟ್ಟಾಗಿದೆ! ಇವರು ಎಷ್ಟು ಶಾಂತವಾಗಿದ್ದಾರೆ!" ಎಂದಳು. ಹೆಮ್ಮೆಯಾಯಿತು. ಆರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳಿಗೆ ಆಗಬಾರದೇ?

"ಅಕ್ಕಪಕ್ಕದವರ ಜೊತೆ ಬೆರೆಯುತ್ತಾರಾ?" ಎಂದು ಕೇಳಿದಳು. ಪಕ್ಕದ ಮನೆಯವರು ಮೀನು ತಂದುಕೊಡುತ್ತಿದ್ದರು ಎಂದೆ. ಸುಳ್ಳಲ್ಲ.

ಅವರಿಬ್ಬರೂ ಜೀಪಿನ ಕಡೆ ಹೋದ ಮೇಲೆ ದಿನಕರ ಸರ್ ಬಾಗಿಲಲ್ಲಿ ನಿಂತರು. ಚಿಲಕದ ಮೇಲೆ ಕೈಯಿಟ್ಟು ಒಮ್ಮೆ ಹಿಂದೆ ಮುಂದೆ ಎಳೆದರು. ಎಣ್ಣೆ ಹಾಕಿದ್ದೆ, ಸಲೀಸಾಗಿ ಓಡಿತು.

"ಇದು ಮೊದಲೇ ಇತ್ತಾ ಮಹಾಲಕ್ಷ್ಮಿಯವರೇ?"

"ಮನೆ ಯಜಮಾನರದ್ದು ಸರ್."

ಅವರು ಬೆಳ್ಳಿಯ ಕತ್ತರಿಸಿದ ತಲೆಯನ್ನು ನೋಡಿದರು. ಏನೋ ಹೇಳುವವರ ಹಾಗೆ ಬಾಯಿ ತೆರೆದರು. ಜೀಪಿನವರು ಹಾರ್ನ್ ಹೊಡೆದರು. "ಹಾಂ, ಇರಲಿ" ಎಂದು ಹೊರಟರು.

ಮೇ ೧೪, ಬುಧವಾರ

ನಾವು ಗೆದ್ದೆವು. ದಿನಕರ ಸರ್ ಫೋನು ಮಾಡಿದ್ದರು. ಘಟ್ಟದ ಮೇಲೆ ಯಾರೂ ಹೋಗುವುದಿಲ್ಲ. ಕುಮಟೆಯಲ್ಲಿ, ಭಟ್ಕಳದಲ್ಲಿ ಇನ್ನೂ ಮನೆಗಳಾಗುತ್ತವೆ, ಎಲ್ಲ ನಮ್ಮ ಮನೆಯ ಹಾಗೆಯೇ. ಅವನ್ನು ನೋಡಿಕೊಳ್ಳುವ ಹೆಂಗಸರು ಸೋಮವಾರ ಇಲ್ಲಿಗೆ ಬಂದು ನನ್ನ ಹತ್ತಿರ ಕೆಲಸ ಕಲಿಯುತ್ತಾರಂತೆ. ಬೆಳ್ಳಿಗೆ ಹೇಳಿದೆ, ನೀನು ಎಲ್ಲಿಗೂ ಹೋಗಬೇಕಾಗಿಲ್ಲ, ಇಲ್ಲೇ ಇರಬಹುದು ಎಂದು. ತಟ್ಟೆ ತೊಳೆಯುತ್ತಿದ್ದಳು, ತಲೆಯೆತ್ತಲಿಲ್ಲ.

ಮೂರೂವರೆಗೆ ಮೋಡ ಬಂತು. ಮಳೆಗಾಲಕ್ಕೆ ಮೊದಲ ಮೋಡ. ಒಣಗಿದ ಬಟ್ಟೆ ತೆಗೆಯಲು ಬಾಗಿಲು ಪೂರ್ತಿ ತೆರೆದು ಅಂಗಳಕ್ಕೆ ಇಳಿದೆ. ದಂಡೆಯಲ್ಲಿ ಹೆಂಗಸರು ಬುಟ್ಟಿ ಹಿಡಿದು ಓಡುತ್ತಿದ್ದರು. ಆಗ ನಾಗಿಯ ದನಿ ಕೇಳಿತು, ತಿಂಗಳುಗಳ ಮೇಲೆ.

"ಬೆಳ್ಳೀ! ಮೋಡ ಬಂತೇ, ಬಾರೇ!"

ಬೆಳ್ಳಿ ಎದ್ದು ಬಂದಳು. ಹೊಸ್ತಿಲ ತನಕ ಬಂದಳು. ಗಾಳಿಗೆ ನೀಲಿ ನೈಟಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ದಂಡೆಯನ್ನು ನೋಡಿದಳು. ಇನ್ನು ಭಯವಿಲ್ಲವಲ್ಲ, ಪರೀಕ್ಷೆ ಮುಗಿಯಿತಲ್ಲ. ಹೋಗಲಿ ಎನ್ನಿಸಿತು. ನಿಜವಾಗಿಯೂ ಎನ್ನಿಸಿತು.

"ಹೋಗು ಬೆಳ್ಳಿ" ಎಂದೆ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ. "ಹೋಗೇ, ಕರೀತಿದ್ದಾಳೆ ನೋಡು."

ಬೆಳ್ಳಿ ನನ್ನ ಮುಖ ನೋಡಲಿಲ್ಲ. ಬಾಗಿಲಿನ ಅಂಚು ಹಿಡಿದು, ಮೆಲ್ಲಗೆ ಒಳಗೆಳೆದು ಮುಚ್ಚಿಕೊಂಡಳು.

ಬಾಗಿಲಿನ ಕೆಳಗಿನ ಸಂದಿಯಲ್ಲಿ ಅವಳ ಕಾಲಿನ ಹೆಬ್ಬೆರಳುಗಳು ಕಾಣುತ್ತಿದ್ದವು. ಒಳಗೆ ಹೋಗದೆ ಅಲ್ಲೇ ನಿಂತಿದ್ದಳು. "ಬೆಳ್ಳಿ, ಬಾಗ್ಲು ತೆಗಿ" ಎಂದೆ. ತಳ್ಳಿ ನೋಡಿದೆ, ಮೈ ಆನಿಸಿ ನಿಂತಿದ್ದಾಳೆ. ಹನಿ ಬೀಳತೊಡಗಿತು. ಯಾವುದಕ್ಕೆ ಕಾಯುತ್ತಿದ್ದಾಳೆಂದು ಗೊತ್ತಾಗಲು ನನಗೆ ಹೊತ್ತು ಹಿಡಿಯಲಿಲ್ಲ. ಎಷ್ಟು ಹೊತ್ತು ನಿಂತಾಳು ಪಾಪ ಎಂದು ನಾನೇ ಚಿಲಕ ಎಳೆದೆ. ಆ ಸದ್ದು ಕೇಳಿದ ಮೇಲೆ ಹೆಬ್ಬೆರಳುಗಳು ಸರಿದವು. ಒಳಗೆ ತಟ್ಟೆಯ ಸದ್ದು ಶುರುವಾಯಿತು.

ನಾಗಿ ಇನ್ನೊಮ್ಮೆ ಕರೆದಳು. ಆಮೇಲೆ ಕರೆಯಲಿಲ್ಲ. ಮಳೆ ಜೋರಾಯಿತು, ದಂಡೆ ಕಾಣದಾಯಿತು. ಬಟ್ಟೆಯ ರಾಶಿ ಹೊತ್ತುಕೊಂಡು ಜಗಲಿಯಲ್ಲಿ ನಿಂತೇ ಇದ್ದೆ. ಒಳಗೆ ಹೋಗಲೆಂದು ಚಿಲಕಕ್ಕೆ ಕೈ ಹಾಕಿದೆ. ಯಾಕೋ ಗೊತ್ತಿಲ್ಲ, ಹೋಗ್ಲಾ ಎಂದು ಯಾರನ್ನಾದರೂ ಕೇಳಬೇಕು ಎನ್ನಿಸಿತು. ಕೇಳಲು ಅಲ್ಲಿ ಯಾರೂ ಇರಲಿಲ್ಲ.